ಸಣ್ಣೀರಯ್ಯ ಅಗ್ಗಿಷ್ಟಿಕೆಗೆ ಟೈಲ್ಸ್ ತಂದಿದ್ದು

ಹತ್ತಿರ ಬನ್ನಿ, ಹೊದ್ದುಕೊಂಡು ಕೂತ್ಕೊಳ್ಳಿ. ಇದು ಚಳಿಯ ಕತೆ.

ಬೆಟ್ಟದ ತಪ್ಪಲಲ್ಲಿ ಮಂಜನಾಪುರ ಅಂತ ಒಂದು ಊರು. ಅಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು ತಾಯಿ, ಅವಳಿಗೊಬ್ಬನೇ ಮಗ ಸಣ್ಣೀರಯ್ಯ. ಮೈ ಬೆಳೆದಿತ್ತು, ಬುದ್ಧಿ ಇನ್ನೂ ತೊಟ್ಟಿಲಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇಂಥವನಿಗೆ ಹೆಣ್ಣು ಕೊಡುವವರು ಯಾರು?

ಕೊನೆಗೂ ಪಕ್ಕದೂರಿನ ಸಿಂಗ್ರೇಗೌಡ ಒಪ್ಪಿದ. ಆದರೆ ಒಂದು ಷರತ್ತು. "ನನ್ನ ಮಗಳು ಸಾವಂತ್ರಿಗೆ ಚಳಿ ತಡೆಯೋಕೇ ಆಗಲ್ಲ. ಬೆಚ್ಚಗಿರೋ ಮನೆಗೇ ಕೊಡೋದು. ಶುಕ್ರವಾರ ಮನೆ ನೋಡೋ ಶಾಸ್ತ್ರಕ್ಕೆ ಬರ್ತೀವಿ!" ಅಂತ ಹೇಳಿ ಕಳಿಸಿದ. ದೊಡ್ಡತಾಯಮ್ಮ ಆಗಲೇ ಹೊಸಮನೆಯ ಹಾಲ್‌ನಲ್ಲಿ, ಗೋಡೆಯೊಳಗೇ, ಹೊಸ ಕಾಲದ ಅಗ್ಗಿಷ್ಟಿಕೆ ಕಟ್ಟಿಸಿದ್ದಳು. ಅದರ ಸುತ್ತ ಟೈಲ್ಸ್ ಹಾಕುವುದೊಂದು ಬಾಕಿ.

ಸೋಮವಾರ ಅಂದಳು, "ಮಗಾ, ಪೇಟೆಗೆ ಹೋಗಿ ಟೈಲ್ಸ್ ಆರಿಸ್ಕೊಂಡು ಬಾ. ಗೋಡೆ ಬಣ್ಣಕ್ಕೆ ಹೊಂದಬೇಕು. ಪಕ್ಕದಲ್ಲಿಟ್ಟು ನೋಡದೆ ತರಬೇಡ!"

"ಆಯ್ತವ್ವ!"

ಸಂಜೆ ಸಣ್ಣೀರಯ್ಯ ಬೆವರಿಳಿಸುತ್ತ ಬಂದ. ತಲೆ ಮೇಲೆ ಮೊರದಗಲದ ಗೋಡೆ ಚೂರು!

"ಇದೇನೋ!"

"ಗೋಡೆ ಕಣವ್ವ. ಪಕ್ಕದಲ್ಲಿಟ್ಟು ನೋಡೋಕೆ ಕಿತ್ಕೊಂಡು ಹೋಗಿದ್ದೆ. ಕೆಂಪು ಟೈಲ್ಸ್ ಚೆನ್ನಾಗಿ ಹೊಂದುತ್ತೆ. ತರೋಣ ಅಂದ್ರೆ ಕೈ ಖಾಲಿ ಇರ್ಲಿಲ್ಲ."

ದೊಡ್ಡತಾಯಮ್ಮ ಓಡಿ ನೋಡಿದರೆ ಹಾಲ್‌ನ ಗೋಡೆಯಲ್ಲಿ ಕಿಂಡಿ! ಕಿಂಡಿಯಲ್ಲಿ ಪಕ್ಕದ ಮನೆಯ ಮೇಕೆ! ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಬಣ್ಣ ಹಾಳಾಗ್ಲಿ! ಅಗ್ಗಿಷ್ಟಿಕೆ ಟೈಲ್ಸು ಅಂದ್ಮೇಲೆ ಬೆಂಕಿ ತಡೀಬೇಕು. ಅದನ್ನ ನೋಡಿ ತಾ!"

"ಆಯ್ತವ್ವ!"

ಮಂಗಳವಾರ ಅಂಗಡಿಗೆ ಹೋದ. ಕೆಂಪು ಟೈಲ್ಸ್ ಪೆಟ್ಟಿಗೆ ತೆಗೆಸಿದ. ಅದರ ಅಡಿಯಲ್ಲಿದ್ದ ಹುಲ್ಲನ್ನೆಲ್ಲ ಒಟ್ಟು ಮಾಡಿ ಕಡ್ಡಿ ಗೀರಿಯೇಬಿಟ್ಟ! ಧಗಧಗ! ಅಂಗಡಿಯ ಜಬ್ಬಾರ್ ಸಾಹೇಬರು ಕುಡಿಯುತ್ತಿದ್ದ ಟೀಯನ್ನೇ ಎರಚಿ, ಮೇಲೆ ಗೋಣಿ ಬಡಿದು ಆರಿಸಿದರು.

"ಏನಪ್ಪಾ ನೀನು! ಟೈಲ್ಸ್ ನೋಡೋದು ಹಿಂಗಾ? ಬೆರಳ ಗೆಣ್ಣಲ್ಲಿ ತಟ್ಟಬೇಕು. ಟಣ್ ಅಂದ್ರೆ ಗಟ್ಟಿ. ಬೊದ್ ಅಂದ್ರೆ ಟೊಳ್ಳು. ಟೊಳ್ಳಿದ್ರೆ ಬಿಟ್ಟುಬಿಡು! ಇಷ್ಟೇ!"

"ಆಯ್ತು ಸಾಹೇಬ್ರೇ!"

ಒಂದೊಂದನ್ನೂ ತಟ್ಟಿದ. ಟಣ್, ಟಣ್, ಟಣ್. ಎಲ್ಲಾ ಗಟ್ಟಿ. ಪೆಟ್ಟಿಗೆ ಹೊತ್ತು ಖುಷಿಯಾಗಿ ಬಸ್ ಹತ್ತಿದ. ಮುಂದಿನ ಸೀಟಿನಲ್ಲಿ ಒಂದು ಬೋಳುತಲೆ! ನುಣ್ಣಗೆ, ಮಿರಮಿರ, ಅಂಗಡಿಯ ಟೈಲ್ಸಿಗಿಂತ ಒಂದು ಕೈ ಮೇಲು. ಸಣ್ಣೀರಯ್ಯನ ಬೆರಳು ಸುಮ್ಮನಿರುತ್ತದೆಯೇ?

ಬೊದ್!

"ಅಯ್ಯೋ, ಟೊಳ್ಳು! ಬಿಟ್ಟೆ ಬಿಡಿ!" ಅಂದ.

ಬೋಳುತಲೆಯವನು ಎದ್ದು ನಿಂತು ಗದರಿದ. "ಯಾವನೋ ನೀನು! ದೊಡ್ಡೋರನ್ನ ಕಂಡ್ರೆ ತಲೆ ತಟ್ಟೋದೇನೋ? ಕಾಲಿಗೆ ನೀರು ಕೊಡಬೇಕು! ಅಷ್ಟೂ ಕಲಿಸಿಲ್ವಾ ನಿಮ್ಮವ್ವ?"

"ಆಯ್ತು ಯಜಮಾನ್ರೇ!"

ಬುಧವಾರ ಮಂಚಯ್ಯ ಮೇಸ್ತ್ರಿ ಬಂದ. ವಯಸ್ಸಾದವನು. ಮೊದಲು ಕಿಂಡಿ ಮುಚ್ಚಿ, ಮೇಕೆ ಓಡಿಸಿ, ಸಿಮೆಂಟು ಕಲಸಿ ಅದರ ನಡುವೆ ಕಾಲೂರಿ ಕೂತ. ದೊಡ್ಡೋರು! ಸಣ್ಣೀರಯ್ಯ ಒಂದು ಕೊಡ ನೀರು ತಂದು ಕಾಲ ಮೇಲೆ ಸುರಿದ. ಸಾಲದೆ ಇನ್ನೊಂದು ಕೊಡ. ಕಲಸಿದ್ದ ಸಿಮೆಂಟೆಲ್ಲ ಅಂಬಲಿಯಾಗಿ ಹೊಸಿಲು ದಾಟಿ ಹರಿಯಿತು.

ಮೇಸ್ತ್ರಿ ಕರಣೆ ಎತ್ತಿಕೊಂಡು ಎದ್ದ. "ನೀರು ನನಗಲ್ಲ ಕಣಯ್ಯಾ, ಕೆಲಸಕ್ಕೆ! ನಾನು ಟೈಲ್ಸ್ ಅಂಟಿಸಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದರ ಮೇಲೆ ಹೊಯ್ಯಿ. ಒಂದು ವಾರ ಒಣಗೋಕೆ ಬಿಡಬೇಡ!"

"ಆಯ್ತು ಮೇಸ್ತ್ರಿ!"

ಶುಕ್ರವಾರ ಬಂತು. ಬಾಗಿಲಿಗೆ ತೋರಣ, ಒಳಗೆ ಕೆಂಪಗೆ ಹೊಳೆಯುವ ಅಗ್ಗಿಷ್ಟಿಕೆ, ಅದರಲ್ಲಿ ಹದವಾದ ಬೆಂಕಿ. ದೊಡ್ಡತಾಯಮ್ಮ ಮಾತ್ರ ಬಾಗಿಲಿಗೂ ಅಗ್ಗಿಷ್ಟಿಕೆಗೂ ಓಡಾಡುತ್ತಿದ್ದಳು. ಇದು ತಪ್ಪಿದರೆ ಮಗನಿಗೆ ಇನ್ನು ಮದುವೆಯಿಲ್ಲ.

ಸಿಂಗ್ರೇಗೌಡ ಬಂದ. ರುಮಾಲು ತೆಗೆದರೆ, ಅದೇ ಬೋಳುತಲೆ!

"ನೀನಾ!"

"ನೀವಾ!"

ಹಿಂದೆಯೇ ಸಾವಂತ್ರಿ ಬಂದಳು, ಎರಡು ಕಂಬಳಿ ಹೊದ್ದು. "ಚಳಿ ಆಗೋದು ನಂಗೆ, ಮನೆ ನೋಡೋಳೂ ನಾನೇ" ಅಂತ ಬೆಂಕಿಯೆದುರು ಕೂತಳು. ಮುಖ ಅರಳಿತು. ಅಷ್ಟರಲ್ಲಿ ಮಧ್ಯಾಹ್ನವಾಯಿತಲ್ಲ! ಟೈಲ್ಸ್ ಒಣಗುತ್ತಿವೆಯಲ್ಲ! ಸಣ್ಣೀರಯ್ಯ ಕೊಡ ಎತ್ತಿ ಹೊಯ್ದೇಬಿಟ್ಟ.

ಬುಸ್ಸ್! ಬೆಂಕಿ ಹೋಯಿತು, ಬೂದಿ ಎದ್ದಿತು. ಗೌಡನ ತಲೆಗೆ ಭಸ್ಮದ ಅಭಿಷೇಕ!

"ಏಳವ್ವಾ, ಹೋಗೋಣ!" ಅಂತ ಗೌಡ ಕೂಗಿದ. ದೊಡ್ಡತಾಯಮ್ಮ ಓಡಿ ಬಾಗಿಲಿಗೆ ಅಡ್ಡ ನಿಂತಳು.

ಸಾವಂತ್ರಿ ಮೂಗಿನ ಬೂದಿ ಒರೆಸಿಕೊಂಡಳು. "ತಾಳಪ್ಪ. ನಮ್ಮನೇಲಿ ಒಂದು ತುಂಡು ಸೌದೆ ತನ್ನಿ ಅಂದ್ರೆ ಮೂರು ಜನ ಅಣ್ಣಂದಿರೂ 'ಆಮೇಲೆ' ಅಂತಾರೆ. ಇವ್ರು ಹೇಳಿದ್ದನ್ನ ಮಾಡ್ತಾರಲ್ಲ!" ಅಂತ ಸಣ್ಣೀರಯ್ಯನ ಕಡೆ ತಿರುಗಿದಳು. "ರೀ, ಮತ್ತೆ ಬೆಂಕಿ ಹಚ್ಚಿ. ನನ್ನ ಕಾಲು ಬೆಚ್ಚಗಾಗೋ ತನಕ ಆರೋಕೆ ಬಿಡಬೇಡಿ."

"ಆಯ್ತು!"

ಸೌದೆ ಮುಗಿಯಿತು. ಮಣೆ ಹೋಯಿತು, ಒನಕೆ ಹೋಯಿತು, ಗೌಡನ ಊರುಗೋಲೂ ಹೋಯಿತು. "ಬೆಚ್ಚಗಾಯ್ತಾ?" "ಇನ್ನೊಂಚೂರು." ಕೊನೆಗೆ ಮುಂಬಾಗಿಲನ್ನೇ ಕಿತ್ತು ಒಳಗೆ ತುರುಕಿದ! ಬೆಂಕಿ ಏನೋ ಭುಗಿಲೆಂದಿತು. ಆದರೆ ಬಾಗಿಲಿಲ್ಲದ ಮನೆಗೆ ಬೆಟ್ಟದ ಗಾಳಿ ಸುಯ್ಯೆಂದು ನುಗ್ಗಿತು. ಸಾವಂತ್ರಿಗೆ ಮುಂದೆ ಬಿಸಿ, ಹಿಂದೆ ನಡುಕ.

"ಬಾಗಿಲೇ ಇಲ್ಲದ ಮನೆಗೆ ಹೆಣ್ಣು ಕೊಡಲಾ?" ಗೌಡ ಕಿರುಚಿದ. "ಹೋಗು! ಗಟ್ಟಿ ಬಾಗಿಲು ನೋಡಿ ತಂದು ನಿಲ್ಲಿಸು! ಅಲ್ಲಿವರೆಗೆ ಮದುವೆ ಮಾತೇ ಬೇಡ!"

"ಆಯ್ತು ಮಾವ!"

ಓಡಿದ. ಊರಿನ ಬಾಗಿಲನ್ನೆಲ್ಲ ಗೆಣ್ಣಲ್ಲಿ ತಟ್ಟಿದ. ಬೊದ್, ಬೊದ್. ಪಕ್ಕದೂರಿಗೂ ಹೋಗಿ ತಟ್ಟಿದ. ಬೊದ್, ಬೊದ್, ಟಣ್!

ನೆಂಟರು ಪಾಯಸ ಉಣ್ಣುವ ಹೊತ್ತಿಗೆ ಬಾಗಿಲು ಹೊತ್ತು ಬಂದು ನಿಲ್ಲಿಸಿದ. ಹಲಸಿನ ಮರ, ಮೇಲೆ ಎರಡು ಗಿಳಿ ಕೆತ್ತನೆ. ಒಳಗೆ ಗಾಳಿ ನಿಂತಿತು. ಹಾಲ್ ಬೆಚ್ಚಗಾಯಿತು.

ಗೌಡನ ಬಾಯಲ್ಲಿ ಪಾಯಸ ಹಾಗೇ ನಿಂತಿತು. "ಇದು... ಇದು ನಮ್ಮನೆ ಬಾಗಿಲು!"

"ಹೌದು ಮಾವ. ನಿಮ್ಮ ತಲೆ ಟೊಳ್ಳಾದ್ರೂ ಬಾಗಿಲು ಗಟ್ಟಿ!"

ಸಾವಂತ್ರಿ ಬಿದ್ದು ಬಿದ್ದು ನಕ್ಕಳು. ನಕ್ಕು ಎರಡೂ ಕಂಬಳಿ ತೆಗೆದು ಅಪ್ಪನ ಕೈಗೆ ಕೊಟ್ಟಳು. "ಅಪ್ಪಾ, ಆ ಮನೇಲಿ ಈಗ ಬಾಗಿಲಿಲ್ಲ. ಈ ಮನೇಲಿ ಬಾಗಿಲೂ ಇದೆ, ಬೆಂಕೀನೂ ಇದೆ. ಬೇಗ ಮುಹೂರ್ತ ನೋಡು."

ಮದುವೆಯಾಯಿತು. ಅವರು ಅಲ್ಲಿ ಬೆಂಕಿಯಲ್ಲಿ ಮೈ ಕಾಯಿಸುತ್ತಿದ್ದಾರೆ, ನಾವು ಇಲ್ಲಿ ಕತೆಯಲ್ಲಿ ಮೈ ಕಾಯಿಸುತ್ತಿದ್ದೇವೆ. ಸಿಂಗ್ರೇಗೌಡ ಮಾತ್ರ ಇವತ್ತಿಗೂ ಬಾಗಿಲ ಜಾಗಕ್ಕೆ ಆ ಎರಡು ಕಂಬಳಿ ಕಟ್ಟಿಕೊಂಡು ಮಲಗುತ್ತಾನಂತೆ.