ಕಾದರೆ ಜಾರುವ ಷಡ್ಜ

"ಗುರುಗಳೇ, ನನ್ನ ಜೊತೆ ಕಲಿಯುವವನು ಸ್ವರ ತಪ್ಪಿದಾಗ ನನಗೇಕೆ ಸಂತೋಷವಾಗುತ್ತದೆ? ಇಲ್ಲದ ತಪ್ಪನ್ನು ನಾನು ಹೇಳುವುದಿಲ್ಲ. ಇದ್ದದ್ದನ್ನೇ ಹೇಳುತ್ತೇನೆ. ಅದರಲ್ಲಿ ದೋಷವಿದೆಯೆ?" ಎಂದು ರುದ್ರಮುನಿ ಕೇಳಿದ.

ಗುರುಗಳು ತಂಬೂರಿಯನ್ನು ಬದಿಗಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮೌನೇಶ ಪತ್ತಾರ ಎಂಬವನಿದ್ದ. ವಿದ್ಯುತ್ತಿನಿಂದ ನುಡಿಯುವ ಸಿಂಥಸೈಜರ್ ವಾದ್ಯಕ್ಕೆ ಮಾಡ್ಯೂಲ್ ಕಟ್ಟುವುದು ಅವನ ಕಸುಬು. ಮಾಡ್ಯೂಲ್ ಎಂದರೆ ಅಂಗೈಯಗಲದ ಪೆಟ್ಟಿಗೆ. ಒಂದು ಪೆಟ್ಟಿಗೆ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ತಿದ್ದುತ್ತದೆ. ನುಡಿಸುವವರು ತಮಗೆ ಬೇಕಾದವನ್ನು ತಂತಿಗಳಿಂದ ಜೋಡಿಸಿಕೊಳ್ಳುತ್ತಾರೆ. ಮೌನೇಶ ಕಟ್ಟುತ್ತಿದ್ದುದು ಸ್ವರ ಹುಟ್ಟಿಸುವ ಮಾಡ್ಯೂಲ್. ಹದಿನಾಲ್ಕು ವರ್ಷ ಆ ಊರಿನಲ್ಲಿ ಅದಕ್ಕೆ ಅವನದಲ್ಲದೆ ಬೇರೆ ಹೆಸರಿರಲಿಲ್ಲ.

ಆಮೇಲೆ ದಾವಲಸಾಬ ಬಂದ. ರೇಡಿಯೊ ರಿಪೇರಿ ಮಾಡಿಕೊಂಡಿದ್ದವನು. ಅವನೂ ಸ್ವರ ಹುಟ್ಟಿಸುವ ಮಾಡ್ಯೂಲನ್ನೇ ಕಟ್ಟಿದ. ವಾರುಣಿಬಾಯಿ ಎಂಬ ವಾದಕಿ ಮೊದಲಿನಿಂದಲೂ ಮೌನೇಶನ ಮಾಡ್ಯೂಲಿನಲ್ಲಿ ನುಡಿಸುತ್ತಿದ್ದಳು. ಒಂದು ಕಛೇರಿಗೆ ಅವಳು ದಾವಲಸಾಬನದನ್ನು ಜೋಡಿಸಿಕೊಂಡಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮೌನೇಶ ಅದರ ಮೊದಲ ಸ್ವರ ಕೇಳಿದ. ಚೆನ್ನಾಗಿತ್ತು. ತನ್ನದಕ್ಕಿಂತ ದುಂಡಗಿತ್ತು. ಕಛೇರಿ ಮುಗಿಯುವವರೆಗೆ ಅವನಿಗೆ ಕೂರಲಾಗಲಿಲ್ಲ.

ಅಂದಿನಿಂದ ಅವನ ಹೊಟ್ಟೆಗೆ ಕಿಚ್ಚು ಬಿತ್ತು. ಹೋಟೆಲಿನಲ್ಲಿ ಯಾರಾದರೂ ದಾವಲಸಾಬನ ಹೆಸರೆತ್ತಿದರೆ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬರುತ್ತಿದ್ದ. ಬೇರೆಯವರ ಕೈಯಿಂದ ಅವನ ಮಾಡ್ಯೂಲ್ ಒಂದನ್ನು ತರಿಸಿಕೊಂಡ. ಬಿಚ್ಚಿದ. ಬೆಸುಗೆಗಳನ್ನು ಭೂತಗನ್ನಡಿ ಹಿಡಿದು ನೋಡಿದ. ಒಂದೂ ಸಡಿಲವಿರಲಿಲ್ಲ. ಮತ್ತೆ ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು ದಿನವೂ ಕೇಳತೊಡಗಿದ. ಕೆಲವು ದಿನ ಕೇಳುತ್ತ ಕೇಳುತ್ತ ನಾದದ ಸುಖಕ್ಕೆ ತಾನಾಗಿಯೇ ಕಣ್ಣು ಮುಚ್ಚುತ್ತಿತ್ತು. ಎಚ್ಚೆತ್ತು ತನ್ನನ್ನೇ ಬೈದುಕೊಳ್ಳುತ್ತಿದ್ದ. ಅವನು ಆರಂಭಿಸಿದ್ದ ಹೊಸ ಮಾಡ್ಯೂಲ್ ಅರ್ಧ ಬೆಸುಗೆಯಾಗಿ ಮೇಜಿನ ಮೇಲೆ ಉಳಿಯಿತು.

ಮಳೆ ಕಳೆಯಿತು. ಚಳಿ ಕಳೆಯಿತು. ಬೇಸಗೆಯ ಒಂದು ಮಧ್ಯಾಹ್ನ, ಮಾಡ್ಯೂಲ್ ಎರಡು ತಾಸು ಬಿಸಿಯಾಗಿ ಕಾದ ಮೇಲೆ, ಷಡ್ಜ ಕೂದಲೆಳೆಯಷ್ಟು ಜಾರಿತು. ಅಂದು ಮೌನೇಶ ಹೊಟ್ಟೆ ತುಂಬ ಉಂಡ.

ಮರುದಿನದಿಂದ ಅವನು ನುಡಿಸುವವರ ಮನೆಮನೆಗೂ ಹೋದ. "ಅವನ ಷಡ್ಜ ಕಾದರೆ ನಿಲ್ಲುವುದಿಲ್ಲ. ಬೇಕಾದರೆ ನೀವೇ ಕೂತು ಕೇಳಿ" ಎಂದ. ಕೇಳಿದವರು ಹೌದೆಂದರು. ಕೆಲವರು ಮಾಡ್ಯೂಲನ್ನು ದಾವಲಸಾಬನಿಗೆ ಹಿಂದಿರುಗಿಸಿದರು.

ತಿಂಗಳ ಮೇಲೆ ದಾವಲಸಾಬ ಮೌನೇಶನ ಅಂಗಡಿಗೆ ಬಂದ. ಜಗಳಕ್ಕೆ ಬಂದನೆಂದು ಮೌನೇಶ ಎದ್ದು ನಿಂತ. ದಾವಲಸಾಬ ಚೀಲದಿಂದ ತನ್ನ ಮಾಡ್ಯೂಲ್ ತೆಗೆದು ಅವನ ಮುಂದಿಟ್ಟ.

"ಅಣ್ಣಾ, ನೀವು ಹೇಳಿದ್ದು ನಿಜ. ಬಿಸಿ ತಾಳುವಂತೆ ಒಳಗೆ ಒಂದು ಭಾಗ ಬದಲಿಸಿದ್ದೇನೆ. ಈಗ ಮೂರು ತಾಸು ಬಿಸಿಲಲ್ಲಿಟ್ಟರೂ ಜಾರುತ್ತಿಲ್ಲ. ನನ್ನ ಹೆಂಡತಿಯೇ ಇದನ್ನು ಕಾಲು ತಾಸು ಕೂತು ಕೇಳಿದವಳಲ್ಲ. ನೀವು ಕೇಳಿದಿರಿ."

ದಾವಲಸಾಬ ಮೇಜಿನ ಕಡೆ ನೋಡಿದ.

"ನಿಮ್ಮ ಹೊಸದು ಇದೇನಾ? ಮುಗಿದಾಗ ಹೇಳಿಕಳಿಸಿ ಅಣ್ಣಾ. ನಾನೂ ಬಂದು ಕೂತು ಕೇಳುತ್ತೇನೆ."

ಅವನು ಹೋದ ಮೇಲೆ ಮೌನೇಶ ಧೂಳು ಒರೆಸಿ ತನ್ನ ಅರ್ಧ ಮಾಡ್ಯೂಲಿನ ಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. ಸೋಲ್ಡರಿಂಗ್ ಐರನ್ ಕಾಯಿಸಿದ. ಮುಂದೆ ಯಾವ ತಂತಿ ಎಲ್ಲಿಗೆ ಎಂಬುದು ನೆನಪಿಗೆ ಬರಲಿಲ್ಲ. ದಾವಲಸಾಬನ ಮಾಡ್ಯೂಲಿನ ಒಂದೊಂದು ತಂತಿಯೂ ನೆನಪಿತ್ತು. ಕೈಯಲ್ಲಿದ್ದುದನ್ನು ಕೆಳಗಿಟ್ಟ. ಅವನ ಹೊಸ ಮಾಡ್ಯೂಲ್ ಕೊನೆಗೂ ಮುಗಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಗುರುಗಳೇ, ಮೌನೇಶ ಹೇಳಿದ್ದು ಸುಳ್ಳಲ್ಲವಲ್ಲ?" ಎಂದು ರುದ್ರಮುನಿ ಕೇಳಿದ.

"ಸುಳ್ಳಲ್ಲಪ್ಪ, ಆದರೆ ಅಷ್ಟು ಕಿವಿಗೊಟ್ಟು ಕೇಳಿದವನು ಒಮ್ಮೆ ತಲೆದೂಗಿದ್ದರೆ, ಆ ನಾದ ಅವನ ಕೈಗೂ ಬರುತ್ತಿತ್ತು."