ಬಾನಿ ಅಜ್ಜಾರು ಹಿಡಿದ ಕೈ

ಅಜ್ಜಾರ ಬಾನಿಯೊಳಗ ಬಲಗೈ ಅದ್ದಿ ಹೇಳ್ತೀನಿ, ಇದು ಖರೇನ ನಡದದ್ದು. ಒಂದು ಮಾತು ಸುಳ್ಳಾದ್ರ ಈ ಕೈ ಬಿದ್ದು ಹೋಗ್ಲಿ. ಇದು ಸುಮ್ಮಸುಮ್ಮನ ಆಣಿ ಇಡೂ ಕೈ ಅಲ್ಲ. ಇದೊಂದು ಕೈಲೆ ನಲವತ್ತು ವರ್ಷ ದನದ ವ್ಯಾಪಾರ ಮಾಡೀನಿ.

ಅಜ್ಜಾರ ಗದ್ದಗಿ ಕಮಿಟಿಯವ್ರು ಪುಸ್ತಕ ಮಾಡಾಕತ್ತಾರ. "ಹುಚ್ಚೀರಪ್ಪ, ನಿನಗಾದದ್ದು ಬರದು ಕೊಡು" ಅಂದ್ರು. ನಾ ಸಾಲಿ ಕಲತದ್ದು ಎರಡನೇ ಇಯತ್ತೆತನಕ. ಅಕ್ಷರ ಸೊಟ್ಟ ಇದ್ರ ನೀವು ನೆಟ್ಟಗ ಮಾಡ್ಕೋರಿ. ಮಾತು ಮಾತ್ರ ಮುಟ್ಟಬ್ಯಾಡ್ರಿ.

ಪೂಜ್ಯ ಗುರುಶಾಂತ ಅಜ್ಜಾರು ಯಾವ ಊರಿಂದ ಬಂದ್ರೋ ಯಾರಿಗೂ ಗೊತ್ತಿಲ್ಲ. ನಮ್ಮ ಮುದೇನಕೊಪ್ಪದ ದನದ ಸಂತಿ ಬಯಲಾಗ ಒಂದು ಬೇವಿನ ಗಿಡ, ಗಿಡದ ಬುಡಕ್ಕ ಬಾವಿ, ಬಾವಿ ಮಗ್ಗಲಕ್ಕ ದನಾ ನೀರು ಕುಡಿಯೂ ಉದ್ದನ್ನ ಕಲ್ಲಿನ ಬಾನಿ. ಅಲ್ಲೇ ಮೂರು ತಗಡಿನ ಒಂದು ಚಪ್ಪರ ಹಾಕ್ಕೊಂಡು ಇದ್ರು. ಉಡಾಕ ಒಂದು ಧೋತರ, ಹೊದಿಯಾಕ ಒಂದು ಕಂಬಳಿ. ಮೂಡಣ ಕೆಂಪಾದ್ರ ಸಾಕು, ಹಗ್ಗ ಹಿಡದು ಕೊಡಾ ಜಗ್ಗಿ ಬಾನಿ ತುಂಬೂದ ಅವರ ಪೂಜಿ. ಸಂತಿ ದಿನ ಮುನ್ನೂರು, ನಾಕನೂರು ಕೊಡಾ ಜಗ್ಗತಿದ್ರು. ಯಾರರ ರೊಕ್ಕಾ ಇಟ್ರ ಬಾವಿಗೆ ಹೊಸಾ ಹಗ್ಗ ತರಸ್ತಿದ್ರು. ಪುರಾಣ ಹೇಳಲಿಲ್ಲ, ಅಂತ್ರ ಕಟ್ಟಲಿಲ್ಲ. ಮಂದಿ ಮಾತ್ರ "ಬಾನಿ ಅಜ್ಜಾರು" ಅಂತ ಕಾಲಿಗೆ ಬೀಳತಿದ್ರು.

ನಾ ಬೀಳತಿದ್ದಿಲ್ಲ. ನೀರು ಹೊರೂ ಮುದುಕಗ ನಾ ಯಾಕ ಬೀಳ್ಲಿ? ಆವಾಗ ನಾ ಅಂದ್ರ ನಾನ. ಮುದೇನಕೊಪ್ಪ ಸಂತ್ಯಾಗ ಹುಚ್ಚೀರಪ್ಪ ಕಡ್ಲಿಮಟ್ಟಿ ಅಂದ್ರ ಎತ್ತು ಸೈತ ಕಿವಿ ನಿಗರಸ್ತಿದ್ವು. ಕಣ್ಣು ಮುಚ್ಚಿ ಎತ್ತಿನ ಬಾಯಾಗ ಬೆರಳಿಟ್ಟು ಹಲ್ಲು ಎಣಸಿ ವಯಸ್ಸು ಹೇಳತಿದ್ದೆ. ದಲ್ಲಾಳಿನೂ ಮಾಡ್ತಿದ್ದೆ, ಸ್ವಂತ ಜೋಡಿ ತಂದೂ ಮಾರತಿದ್ದೆ. ನೆನಪಂತೂ ಕೇಳಬ್ಯಾಡ್ರಿ. ಯಾವ ವರ್ಷ, ಯಾವ ಜೋಡಿ, ಯಾವ ಎತ್ತಿನ ಕೋಡು ಯಾವ ಕಡೆ ಬಾಗಿತ್ತು, ಯಾರು ಕೊಂಡ್ರು, ಎಲ್ಲಾ ಬಾಯಾಗ. "ಒಂದು ಪೈಸಾ ನಷ್ಟ ಮಾಡ್ಕೊಂಡ ಗಂಡಸು ಅಲ್ಲ ನಾ" ಅಂತ ಎದಿ ತಟ್ಟಿ ಹೇಳತಿದ್ದೆ. ನನ್ನ ಜೋಡಿ ದಲ್ಲಾಳಿ ಮಕ್ತುಮಸಾಬ ಮಾತ್ರ ಒಮ್ಮೊಮ್ಮೆ, "ಆ ಬಿಳೇ ಜೋಡಿ?" ಅಂತಿದ್ದ.

"ಯಾವ ಬಿಳೇ ಜೋಡಿಲೇ?"

"ಯಾವುದೂ ಇಲ್ಲ ಬಿಡಪಾ" ಅಂದು ಬೀಡಿ ಹಚ್ಚತಿದ್ದ.

ಇಲ್ಲಿ ನಮ್ಮ ಕಸಬಿನ ಒಂದು ರೀತಿ ಹೇಳಬೇಕು, ಇಲ್ಲಾಂದ್ರ ಮುಂದಿಂದು ತಿಳಿಯೂದಿಲ್ಲ. ದನದ ದರ ನಾವು ಬಾಯಿಲೆ ಕೂಗೂದಿಲ್ಲ. ಇಬ್ಬರೂ ಕೈ ಕೂಡಸತೀವಿ, ಮ್ಯಾಲೆ ಟಾವೆಲ್ ಹೊಚ್ಚತೀವಿ. ಒಳಗ ಬೆರಳು ಮಾತಾಡತಾವು. ಒಂದು ಬೆರಳು ಹಿಡದ್ರ ಒಂದು, ಎರಡು ಹಿಡದ್ರ ಎರಡು, ಕೈ ತುಂಬ ಐದೂ ಬೆರಳು ಹಿಡದ್ರ ಐದು. ನೂರೋ ಸಾವಿರಾನೋ ದನಾ ನೋಡಿದ್ರ ಗೊತ್ತಾಕ್ಕೈತಿ. ಒಲ್ಲೆ ಅಂದ್ರ ಕೈ ಕೊಡವೂದು. ಕೊಡವಲಿಲ್ಲ ಅಂದ್ರ ವ್ಯಾಪಾರ ಆತು, ಆಮ್ಯಾಲೆ ದೇವರು ಬಂದ್ರೂ ತಿರಗೂದಿಲ್ಲ.

ಇಷ್ಟೆಲ್ಲಾ ನೆನಪಿಟ್ಟಾವಗ ಒಂದು ದಿನ ಮಾತ್ರ ನೆನಪಿದ್ದಿಲ್ಲ. ನನ್ನ ಹೇಣ್ತಿ ನಿಂಬೆವ್ವ ಸತ್ತ ದಿನ.

ಅಕಿಗೆ ಐದು ದಿನ ಜ್ವರ ಬಂದಿತ್ತು. ಬುಧವಾರ ಸಂತಿಗೆ ಹೋದೆ, ಬರೂದ್ರೊಳಗ ಹೋಗಿದ್ಲು. ಇದೂ ಮಂದಿ ಹೇಳಿದ್ದಕ್ಕ ಗೊತ್ತು. ಮುಂಜಾನಿ ಏನಾತು, ಅಕಿ ಏನಂದ್ಲು, ನಾ ಏನಂದೆ, ಒಂದೂ ಇಲ್ಲ. ಗೂಟ ಕಿತ್ತ ಜಾಗಾ ನೋಡೀರೇನು? ದನಾ ಇದ್ದದ್ದು ಖರೇ, ಸಗಣಿ ವಾಸನಿನೂ ಐತಿ, ದನಾ ಇಲ್ಲ. ಹಂಗ. ಗ್ವಾಡಿ ಮ್ಯಾಲಿನ ಫೋಟೋ ನೋಡಿದ್ರ ಯಾರದೋ ಹೇಣ್ತಿ ನೋಡಿದಂಗ ಆಕ್ಕಿತ್ತು. ಒಂದು ಹನಿ ಕಣ್ಣೀರು ಬರಲಿಲ್ಲ. ಮಣ್ಣು ಕೊಟ್ಟು ಬಂದು ಎರಡು ರೊಟ್ಟಿ ತಿಂದೆ. ಮಂದಿ "ಗಟ್ಟಿ ಎದಿ" ಅಂದ್ರು. ನಾನೂ ಅದನ್ನ ಹೇಳ್ಕೊಂಡು ತಿರಗಿದೆ.

ನಂಬಲಿಲ್ಲಾಕಿ ಒಬ್ಬಾಕಿ. ನನ್ನ ಮಗಳು ಕಸ್ತೂರಿ, ಇರಾಕಿ ಅಕಿ ಒಬ್ಬಾಕಿನ. ಅವ್ವ ಸತ್ತಾಗ ಗಂಡನ ಮನ್ಯಾಗ ಒಂಬತ್ತು ದಿನದ ಹಸೇ ಬಾಣಂತಿ. ಹಿರೇರು ಹೊಸ್ತಲ ದಾಟಗೊಡಲಿಲ್ಲ. ಅವ್ವನ ಮಕಾನೂ ನೋಡಲಿಲ್ಲ, ಮಣ್ಣೂ ಹಾಕಲಿಲ್ಲ. ಪಂಚಮಿಗೆ ಬಂದಾಗೊಮ್ಮೆ ಕೇಳೂದು ಒಂದ. "ಅಪ್ಪಾ, ಅವ್ವ ಕಡೀಕ ಏನಂದ್ಲು?"

"ಏನೂ ಅನ್ನಲಿಲ್ಲ."

"ನನ್ನ ಹೆಸರು ತಗೊಂಡ್ಲಾ? ನೀರು ಕೇಳಿದ್ಲಾ?"

"ಗೊತ್ತಿಲ್ಲಂದ್ನೆಲ್ಲವಾ."

ಹನ್ನೊಂದು ಪಂಚಮಿ ಹಿಂಗ ಹೋದ್ವು. ಹನ್ನೊಂದನೇದಕ್ಕ ಅಕಿ ಚೀಲ ಕಟ್ಟಿಕೊಂಡು ನಿಂತ್ಲು. "ಎಷ್ಟೋ ವರ್ಷದ ಹಿಂದಿನ ಎತ್ತಿಗೆ ಎಷ್ಟು ಹಲ್ಲಿದ್ವು ಅಂತ ಹೇಳ್ತಿ. ನಮ್ಮವ್ವ ಒಂದು ಎತ್ತಿನಷ್ಟೂ ಆಗಲಿಲ್ಲಲ್ಲಪ್ಪಾ ನಿನಗ! ನೆನಪಾದ್ರ ಹೇಳಿ ಕಳಸು, ಬರ್ತೀನಿ. ಇಲ್ಲಾಂದ್ರ ನನ್ನ ಹಾದಿ ನೋಡಬ್ಯಾಡ."

ಮುಂದಿನ ಪಂಚಮಿಗೆ ಬರಲಿಲ್ಲ. ಜೋಕಾಲಿ ಕಟ್ಟಿದ್ದೆ, ಗಾಳಿಗೆ ತಾನ ಆಡ್ತಿತ್ತು. ನಾಗಪ್ಪಗ ಹಾಲು ಎರಿಯಾಕ ಒಂದು ಹೆಣ್ಣು ಕೈ ಇಲ್ಲ ಮನ್ಯಾಗ.

ಆ ವಾರದ ಬುಧವಾರನ ಇದು ನಡದದ್ದು. ನನ್ನ ಜೋಡಿಗೆ ನೀರು ಕುಡಸಾಕ ಬಾನಿಗೆ ಹೋದೆ. ಪಿತ್ತ ನೆತ್ತಿಗೇರಿತ್ತು, ಯಾರ ಮ್ಯಾಲರೇ ತೀರಿಸಿಕೊಳ್ಳಬೇಕಲ್ಲ. ಅಜ್ಜಾರು ಕೊಡಾ ಜಗ್ಗಾಕತ್ತಿದ್ರು. ಹತ್ತು ಮಂದಿ ದಲ್ಲಾಳಿಗೋಳು ನಿಂತಿದ್ರು, ಮಕ್ತುಮಸಾಬನೂ ಇದ್ದ.

"ಅಜ್ಜಾ, ದಿನಾ ಇಷ್ಟು ನೀರು ಜಗ್ಗತಿ. ಎತ್ತು ಕುಡೀತಾವು, ಉಚ್ಚಿ ಹೊಯ್ದು ಹೋಕ್ಕಾವು. ಏನು ಪುಣ್ಯಾ ಬಂತು?" ಅಂದೆ.

ಮಂದಿ ಹೋ ಅಂತ ನಕ್ತು. ಅಜ್ಜಾರು ಕೊಡಾ ಬಾನಿಗೆ ಸುರುವಿ ಅಂದ್ರು, "ನೀರಡಿಕಿ ಹೋತಲ್ಲ ತಮ್ಮಾ."

ಅಷ್ಟಕ್ಕ ಬಿಡಬೇಕಿತ್ತು. ಬಿಡೂ ಬಾಯಿ ಆಗಿದ್ರ ನಾ ದಲ್ಲಾಳಿ ಆಗ್ತಿದ್ದಿಲ್ಲ. "ಹಂಗಾರ ನನ್ನ ನೀರಡಿಕಿನೂ ತೀರಸು ನೋಡೂಣು. ನನ್ನ ಹೇಣ್ತಿ ಸತ್ತ ದಿನ ಕಳದೈತಿ. ಹನ್ನೆರಡು ವರ್ಷ ಆತು. ಹುಡಕಿ ಕೊಟ್ರ ಈ ಜೋಡಿ ಇಲ್ಲೇ ನಿನ್ನ ಗಿಡಕ್ಕ ಕಟ್ಟಿ ಹೋಕ್ಕೀನಿ."

"ಏ ಹುಚ್ಚೀರ್ಯಾ, ಬಾಯಿ ಮುಚ್ಚಲೇ. ಹಿರೇರ ಮುಂದ ಎಂಥಾ ಮಾತಾಡ್ತಿ?" ಅಂದ ಮಕ್ತುಮಸಾಬ. ಈ ಸಲ ಯಾರೂ ನಗಲಿಲ್ಲ.

ಅಜ್ಜಾರು ಹಗ್ಗ ಬಿಟ್ರು. ನಾ ಕಂಡಂಗ ಸಂತಿ ದಿನ ಅವರು ಹಗ್ಗ ಬಿಟ್ಟದ್ದು ಅದ ಮೊದಲು. ನನ್ನ ಹಂತೇಕ ಬಂದು, "ಟಾವೆಲ್ ಕೊಡು" ಅಂದ್ರು. ಕೊಟ್ಟೆ. ಬಲಗೈ ಹಿಡಕೊಂಡ್ರು, ಮ್ಯಾಲೆ ಟಾವೆಲ್ ಹೊಚ್ಚಿದ್ರು, ಖರೇ ಖರೇ ದಲ್ಲಾಳಿಗತೆನ. ನನಗ ನಗು ಬಂತು. ಈ ಮುದುಕಗೂ ಎತ್ತು ಬೇಕಾಗ್ಯಾವ ಅನಕೊಂಡೆ.

ಒಳಗ ಐದೂ ಬೆರಳು ಕೂಡಸಿ ಹಿಡದ್ರು. ಬಾವಿ ನೀರಿನ ಕೈ, ತಣ್ಣಗಿತ್ತು.

"ಎಷ್ಟು, ಐದಾ? ಐದು ಏನು?" ಅಂದೆ.

"ಕೊಡವು ತಮ್ಮಾ" ಅಂದ್ರು.

ಕೊಡವಾಕ ಹೋದೆ. ಕೈ ಬರಲಿಲ್ಲ. ಅವರೇನು ಬಿಗಿಯಾಗಿ ಹಿಡದಿದ್ದಿಲ್ರೀ, ಕೂಸಿನ ಕೈ ಹಿಡದಂಗ ಹಿಡದಿದ್ರು. ಬಿಗಿ ಹಿಡದಾವ ನಾನು. ಹಣಿ ಮ್ಯಾಲೆ ಬೆವರು ಬಂತು, ಬೆರಳು ಮಾತ್ರ ಬಿಚ್ಚಲಿಲ್ಲ.

ಅಜ್ಜಾರು ನನ್ನ ಕಣ್ಣಾಗ ಕಣ್ಣಿಟ್ಟು ಅಂದ್ರು, "ಮರತಾವನ ಕೈ ಹಿಂಗ ಹಿಡಿಯೂದಿಲ್ಲ."

ಅಷ್ಟ. ಕೈ ಬಿಡಿಸಿಕೊಂಡು, ಟಾವೆಲ್ ನನ್ನ ಹೆಗಲಿಗೆ ಹಾಕಿ, ಮತ್ತ ಹಗ್ಗ ಹಿಡದ್ರು.

ನಾ ಬಾನಿ ಕಟ್ಟಿ ಮ್ಯಾಲೆ ಕುಂತೆ. ಸಂತಿ ನಡದಿತ್ತು, ನನಗ ಒಂದೂ ಕೇಳಸಲಿಲ್ಲ. ಮೊದಲು ಶುಂಠಿ ಕಷಾಯದ ವಾಸನಿ ಬಂತು. ಆಮ್ಯಾಲೆ ಹಸರು ಬಳಿ, ಜ್ವರಕ್ಕ ಕೈ ಸೊರಗಿ ಮೊಣಕೈತನಕ ಜಾರಿದ್ದ ಹಸರು ಬಳಿ. ಆಮ್ಯಾಲೆ ಕೌದಿ. ಅಕಿ ಕೈಯಾರೆ ಹೊಲದ ಕೌದಿ, ಮೂಲ್ಯಾಗ ಕಸ್ತೂರಿ ಲಂಗದ ಕೆಂಪು ತುಂಡು.

ಆವತ್ತು ಮುಂಜಾನಿ ಹೊಂಟು ನಿಂತಿದ್ದೆ. ಹಿಂದಿನ ವಾರ ತಂದ ಬಿಳೇ ಜೋಡಿ ಅಂಗಳದಾಗ ಕಟ್ಟಿತ್ತು. "ರೀ, ಇಲ್ಲಿ ಬರ್ರಿ" ಅಂದ್ಲು. ಹೋಗಿ ಕುಂತೆ. ನನ್ನ ಕೈ ಕೌದಿ ಒಳಗ ತಗೊಂಡ್ಲು, ಐದೂ ಬೆರಳು ಹಿಡದ್ಲು. ಅಕಿ ದಲ್ಲಾಳಿ ಹೇಣ್ತಿ, ನನ್ನ ಕಸಬು ಗೊತ್ತಿತ್ತು. ಮದುವ್ಯಾದಾಗಿಂದ ಹಂಗ ಆಟ ಆಡಾಕಿ.

"ಎಷ್ಟವಾ, ಐದು ಸಾವಿರಾ?" ಅಂದೆ.

"ಇವತ್ತೊಂದಿನ ಸಂತಿ ಬಿಡ್ರಿ" ಅಂದ್ಲು.

ನಾ ಕೈ ಕೊಡವಿದೆ. "ಈ ದರಕ್ಕ ಆಗೂದಿಲ್ಲ ಬಾಯಾರ" ಅಂದೆ. ಚ್ಯಾಷ್ಟಿಗೆ ಅಂದೆ ನೋಡ್ರಿ, ಚ್ಯಾಷ್ಟಿಗೆ. ಅಕಿನೂ ನಕ್ಕಳು. ನಾ ಎದ್ದು ಎತ್ತು ಬಿಚ್ಚಿದೆ.

ಸಂತ್ಯಾಗ ಮಧ್ಯಾಹ್ನ ಮಕ್ತುಮಸಾಬ ಒಂದು ಗಿರಾಕಿ ಪರವಾಗಿ ಬಂದು, ಟಾವೆಲ್ ಹೊಚ್ಚಿ, ಐದೂ ಬೆರಳು ಹಿಡದ. ಐದು ಸಾವಿರ. ಆ ಜೋಡಿಗೆ ಅದು ದರಾನ ಅಲ್ಲ, ಬ್ಯಾರೆ ದಿನ ಆಗಿದ್ರ ಬೈದು ಕಳಸತಿದ್ದೆ. ಆವತ್ತು ಕೊಡವಾಕ ಆಗಲಿಲ್ಲ. ಮುಂಜಾನಿ ಕೊಡವಿದ ಕೈ ಅದು, ಎರಡನೇ ಸಲ ಬರಲಿಲ್ಲ. "ಆತಾ?" ಅಂದ. ವ್ಯಾಪಾರ ಆತು. ಊರಿಗೆ ಬರೂಮುಂದ ಹಳ್ಳದ ಹತ್ರ ನಮ್ಮೂರಾವ ಒಬ್ಬ ಸೈಕಲ್ ಮ್ಯಾಲೆ ಎದರು ಬಂದ. ಅವನ ಮಕಾ ನೋಡಿನ ತಿಳೀತು.

ಇಷ್ಟೂ ಬಾನಿ ಕಟ್ಟಿ ಮ್ಯಾಲೆ ಕುಂತಲ್ಲೇ ಬಂತು, ಬಿಸಲು ಬೇವಿನ ಗಿಡದ ಆ ಕಡೆ ಹೋಗೂತನಕ. ಮಕ್ತುಮಸಾಬ ಬಂದು ಮಗ್ಗಲಕ್ಕ ಕುಂತ. "ಬಿಳೇ ಜೋಡಿ" ಅಂದೆ. "ಹೂಂ" ಅಂದ. "ನಿಂಬೆವ್ವ ಹೋದದ್ದು ಆಮ್ಯಾಲೆ ತಿಳೀತು. ಅವತ್ತಿಂದ ನಿನ್ನ ಕೂಡ ಹೆಂಗ ಎತ್ತಲಿ ಈ ಮಾತು?" ಅಂದ.

ಆಡಿದ ಮಾತಿಗೆ ತಪ್ಪಬಾರದು. ಎತ್ತು ಗಿಡಕ್ಕ ಕಟ್ಟಾಕ ಹೋದೆ. ಅಜ್ಜಾರು ಹಗ್ಗದ ತುದಿ ನನ್ನ ಕೈಯಾಗಿಟ್ರು. "ಎತ್ತು ನನಗ್ಯಾಕ? ನಾಕು ಕೊಡಾ ಜಗ್ಗು. ಆಮ್ಯಾಲೆ ಮಗಳ ಹಂತೇಕ ಹೋಗು. ದನಾ ಮಾರೂ ಬಾಯಿಲೆ ಹೇಳಬ್ಯಾಡ." ಕಾಲಿಗೆ ಬಿದ್ದೆ. ಜನ್ಮದಾಗ ನಾ ಒಬ್ಬ ಮನಶಾನ ಕಾಲಿಗೆ ಬಿದ್ದದ್ದು ಅದ ಮೊದಲು.

ಮಗಳ ವಿಷಯ ಅಜ್ಜಾರಿಗೆ ಯಾರು ಹೇಳಿದ್ರು ಅಂತ ಇವತ್ತಿಗೂ ಗೊತ್ತಿಲ್ಲ. ನಾ ಸಂತ್ಯಾಗ ಮಗಳ ಸುದ್ದಿ ತಗದಾವ ಅಲ್ಲ.

ಮರದಿನ ಮೊದಲನೇ ಬಸ್ಸಿಗೆ ಹೋದೆ. ಕಸ್ತೂರಿ ಪಡಸಾಲ್ಯಾಗ ಜ್ವಾಳಾ ಹಸನ ಮಾಡಾಕತ್ತಿದ್ಲು. ಮ್ಯಾಲೆದ್ದು ನೀರು ಕೊಟ್ಟು ಮತ್ತ ಕೇರೂ ಮರಾ ಹಿಡದ್ಲು. ನಾ ಕುಡೀಲಿಲ್ಲ. ಹೇಳಿದೆ. ಕಷಾಯ, ಬಳಿ, ಕೌದಿ, ಕೈ. "ಇವತ್ತೊಂದಿನ ಸಂತಿ ಬಿಡ್ರಿ." ಕೊಡವಿದ್ದು. ಒಂದೂ ಬಿಡಲಿಲ್ಲ, ಒಂದೂ ಕೂಡಸಲಿಲ್ಲ.

ಮರಾ ನಿಂತಿತ್ತು. ಅಕಿ ಬೈತಾಳ ಅನಕೊಂಡೆ, ಎದ್ದು ಹೋಕ್ಕಾಳ ಅನಕೊಂಡೆ.

"ನೀ ಕೊಡವಿದ ಮ್ಯಾಲೆ ಅವ್ವ ನಕ್ಕಳಾ?" ಅಂದ್ಲು.

"ನಕ್ಕಳು."

"ಖರೇ?"

"ಹಲ್ಲು ಕಾಣುವಂಗ ನಕ್ಕಳವ್ವಾ."

ಕಸ್ತೂರಿ ಜ್ವಾಳದ ಮ್ಯಾಲೆ ಬಗ್ಗಿ ಅಳಾಕ ಚಾಲೂ ಮಾಡಿದ್ಲು. ಅಕಿ ಅತ್ತದ್ದು ನೋಡಿ ನನ್ನೊಳಗ ಎಲ್ಲೋ ಹಗ್ಗ ಹರೀತು. ಹನ್ನೆರಡು ವರ್ಷದ್ದು, ಸಣ್ಣ ಹುಡುಗರಗತೆ ಬಾಯಿ ತಗದು ಅತ್ತೆ. ಬೀಗರು ಬಂದು ಬಾಗಲದಾಗ ನಿಂತ್ರು, ನಾ ಲೆಕ್ಕಕ್ಕ ಹಿಡೀಲಿಲ್ಲ.

ಅಜ್ಜಾರು ಲಿಂಗೈಕ್ಯರಾಗಿ ಒಂಬತ್ತು ವರ್ಷ ಆತು. ಬಾನಿ ಮಗ್ಗಲಕ್ಕ ಗದ್ದಗಿ ಐತಿ. ಬುಧವಾರ ನೀರು ಜಗ್ಗೂದು ನಾನ, ಈ ವಯಸ್ಸಿನ್ಯಾಗೂ ನನ್ನಷ್ಟು ಜಗ್ಗಾವ್ರು ಯಾರರ ಇದ್ರ ಬರ್ರಿ. ಪಂಚಮಿಗೆ ಕಸ್ತೂರಿ ಬರ್ತಾಳ.

ಆವತ್ತು ಕಣ್ಣು ಒರಸ್ಕೊಂಡ ಮ್ಯಾಲೆ ಅಕಿ ಇನ್ನೊಂದು ಮಾತು ಕೇಳಿದ್ಲು. "ಅಪ್ಪಾ, ಒಂದು ಪೈಸಾ ಕಳಕೊಂಡಿಲ್ಲಂತ ಊರ ತುಂಬ ಹೇಳ್ತಿದ್ದೆಲ್ಲ. ಆ ಬಿಳೇ ಜೋಡ್ಯಾಗ ಎಷ್ಟು ಹೋತು?"

ಯಾರ ಮುಂದೂ ಆಡದ ಮಾತದು, ನನ್ನ ಮುಂದ ನಾನೂ ಆಡಿದ್ದಿಲ್ಲ. ಆರು ಸಾವಿರದ ನೂರಾ ಐವತ್ತಕ್ಕ ತಂದದ್ದು, ಐದು ಸಾವಿರಕ್ಕ ಕೊಟ್ಟದ್ದು, ಸಂತಿ ಸುಂಕದ ಚೀಟಿಗೆ ಹನ್ನೆರಡು. ಅಕಿ ಮುಂದ ಹೇಳಿದ್ದನ್ನ ನಿಮ್ಮ ಮುಂದೂ ಹೇಳ್ತೀನಿ, ಬರಕೋರಿ: ಸಾವಿರದ ನೂರಾ ಅರವತ್ತೆರಡು ರೂಪಾಯಿ.