ತಾರೆಮರದ ಮೇಲಿನ ಚಿರತೆ

ಒಂದು ಕಾಡಿನಲ್ಲಿ ಮಳೆಗಾಲ ಆಗಷ್ಟೇ ಮುಗಿದಿತ್ತು. ಎಲ್ಲಿ ನೋಡಿದರೂ ಹುಲ್ಲು, ಎಲ್ಲಿ ನೋಡಿದರೂ ನೀರು. ಜಿಂಕೆಗಳಿಗೆ ಅದು ಸುಗ್ಗಿ. ಬೇಟೆಗೆ ಹೊಸಬನಾದ ಚಿರತೆಗೆ ಮಾತ್ರ ಅದರಷ್ಟು ಕಷ್ಟದ ಕಾಲ ಇನ್ನೊಂದಿಲ್ಲ. ಕಾಡಿಗೆ ಕಾಡೇ ಮೇವಾಗಿರುವಾಗ ಜಿಂಕೆ ಇಂಥ ಕಡೆಗೇ ಬರಬೇಕೆಂದು ಏನಿದೆ?

ಆ ಕಾಡಿನಲ್ಲಿ ಬಿಲ್ಲ ಎಂಬ ಎಳೆಯ ಗಂಡು ಚಿರತೆ ಇತ್ತು. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಮಲಗುತ್ತಿದ್ದುದರಿಂದ ತಾಯಿ ಇಟ್ಟ ಹೆಸರು ಅದು. ಮಳೆ ನಿಂತ ಮೇಲೆ ತಾಯಿ ಅವನನ್ನು ಒಂದು ದೊಡ್ಡ ತಾರೆಮರದ ಬುಡಕ್ಕೆ ಕರೆತಂದಳು.

“ಇದು ನನ್ನ ಮರ. ಇನ್ನು ನಿನ್ನದು,” ಎಂದಳು. “ಆ ಅಡ್ಡಕೊಂಬೆಯ ಮೇಲೆ ಮಲಗು. ನಮ್ಮ ನೆಗೆತ ಬಿಟ್ಟ ಬಾಣ ಇದ್ದ ಹಾಗೆ ಮಗಾ, ಮತ್ತೆ ಕೈಗೆ ಬರೋದಿಲ್ಲ. ಜಿಂಕೆ ಕೊಂಬೆಯ ಕೆಳಗೆ ಬರೋವರೆಗೂ ಕದಲಬೇಡ.”

“ಯಾವಾಗ ಬರುತ್ತೆ ಅಮ್ಮಾ?”

“ಬಂದಾಗ,” ಎಂದು ತಾಯಿ ಹೊಳೆ ದಾಟಿ ಹೊರಟುಹೋದಳು. ಚಿರತೆಗಳಲ್ಲಿ ಬೀಳ್ಕೊಡುಗೆ ಅಷ್ಟೇ.

ಬಿಲ್ಲ ಕೊಂಬೆ ಹತ್ತಿ ಮಲಗಿದ. ಇಬ್ಬನಿ ಬಿತ್ತು, ಆರಿತು. ಒಂದು ಅಳಿಲು ಬಂತು, ಹೋಯಿತು. ಬಿಸಿಲು ಏರಿತು, ಇಳಿಯಿತು. ಜಿಂಕೆ ಬರಲಿಲ್ಲ. ಮರುದಿನವೂ ಹಾಗೇ. ಹಸಿವು ತಡೆಯಲಾರದೆ ಅವನು ಕೆಳಗಿಳಿದು ಹಳ್ಳದಲ್ಲಿ ಏಡಿ ಹಿಡಿದು ತಿಂದ. ಏಡಿ ತಿಂದರೆ ಚಿರತೆಗೆ ಹೊಟ್ಟೆಯೂ ತುಂಬುವುದಿಲ್ಲ, ಮಾನವೂ ಉಳಿಯುವುದಿಲ್ಲ.

ಆ ಮರದ ಪೊಟರೆಯಲ್ಲಿ ಒಂದು ಮುದಿ ಉಡ ವಾಸವಾಗಿತ್ತು. ಅದು ಕತ್ತಲೊಳಗಿಂದಲೇ ಮಾತಾಡಿಸಿತು.

“ಏನಪ್ಪಾ, ನಿಮ್ಮಮ್ಮ ಕಾಣಿಸ್ತಿಲ್ಲ?”

“ಹೋದಳು ತಾತ. ಇನ್ನು ಇಲ್ಲಿ ನಾನೇ. ಕಾದು ಕಾದು ಸಾಕಾಯ್ತು. ಒಂದು ಜಿಂಕೆಯೂ ಬರಲಿಲ್ಲ.”

“ಮೇಲೆ ನೋಡು. ತಾರೆಕಾಯಿ ಇನ್ನೂ ಹಸಿರಾಗಿವೆ. ಹಣ್ಣಾಗಿ ಉದುರಿದರೆ ಜಿಂಕೆಗಳು ತಿನ್ನೋಕೆ ಬರ್ತವೆ. ಉದುರದೆ ಯಾಕೆ ಬರಬೇಕು, ನಿನ್ನ ಮುಖ ನೋಡೋಕಾ?”

“ಹೊರಗೆ ಬಂದು ಮಾತಾಡು ತಾತ.”

“ಇಲ್ಲಪ್ಪ. ನಿನಗೆ ಹಸಿವಾಗಿದೆ,” ಎಂದು ಉಡ ಇನ್ನಷ್ಟು ಒಳಕ್ಕೆ ಸರಿಯಿತು.

ಮಾರನೆಯ ಬೆಳಗ್ಗೆ ಮರದ ಕೆಳಗೆ ಒಂದು ನರಿ ಬಂದು ಕುಳಿತಿತು. ಕತ್ತೆತ್ತಿ ಬಿಲ್ಲನನ್ನು ನೋಡಿ ನಕ್ಕಿತು.

“ಏನಳಿಯಾ, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?”

“ಜಿಂಕೆ ಕಾಯ್ತಿದ್ದೀನಿ ಮಾವ.”

“ಅಯ್ಯೋ ಹುಚ್ಚಪ್ಪಾ! ಜಿಂಕೆಗಳೆಲ್ಲ ಹುಲ್ಲುಬಯಲಲ್ಲಿವೆ. ಅಲ್ಲಿ ಅವು ಕೊಬ್ಬಿ ನಿಂತಿವೆ, ಇಲ್ಲಿ ನೀನು ಒಣಗಿ ಕೂತಿದ್ದೀಯ. ಮರ ಕಾಯೋದೆಲ್ಲ ನಿಮ್ಮಮ್ಮನ ಕಾಲಕ್ಕಾಯ್ತು. ಇಳಿದು ಬಾ.”

“ಬಯಲಲ್ಲಿ ಅವು ನನ್ನನ್ನ ನೋಡಿಬಿಡ್ತವಲ್ಲ?”

“ಅದಕ್ಕೂ ಉಪಾಯ ಇದೆ. ಗಾಳಿ ಬೆನ್ನಿಗಿರೋ ಹಾಗೆ ನುಗ್ಗು. ಗಾಳಿ ಹಿಂದಿನಿಂದ ತಳ್ಳಿದರೆ ನಿನ್ನ ಓಟಕ್ಕೆ ಇನ್ನೂ ಬಲ ಬರುತ್ತೆ.”

ಹೊಸಬನಿಗೆ ಆ ಮಾತು ಸರಿಯೆಂದೇ ಕಂಡಿತು. ಗಾಳಿ ಬೆನ್ನಿಗಿದ್ದರೆ ಅವನಿಗಿಂತ ಮೊದಲು ಅವನ ವಾಸನೆ ಜಿಂಕೆಯನ್ನು ಮುಟ್ಟುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಬಯಲಿಗೆ ಹೋದ. ಹುಲ್ಲಿನಲ್ಲಿ ಹೊಟ್ಟೆ ಎಳೆದುಕೊಂಡು ಮುಂದೆ ಸಾಗಿದ. ಅರ್ಧ ದಾರಿಯಲ್ಲೇ ಜಿಂಕೆಗಳು ಮೂಗೆತ್ತಿದವು, ಬಾಲ ಎತ್ತಿದವು, ಕೂಗು ಹಾಕಿ ಪಡುವಣದ ಬಿದಿರುಮೆಳೆಯೊಳಕ್ಕೆ ಓಡಿ ಮಾಯವಾದವು.

“ಇರಲಿ ಬಿಡು,” ಎಂದಿತು ನರಿ. “ನಾಳೆ ಹಳ್ಳದ ದಂಡೆಗೆ ಹೋಗೋಣ.”

ಹಳ್ಳದ ದಂಡೆಯಲ್ಲೂ ಅದೇ ಆಯಿತು. ಗುಡ್ಡದ ಇಳಿಜಾರಿನಲ್ಲೂ ಅದೇ ಆಯಿತು. ದಿನಕ್ಕೊಂದು ಜಾಗ, ದಿನವೂ ಬೆನ್ನಿಗೆ ಗಾಳಿ, ದಿನವೂ ಜಿಂಕೆಗಳು ಬಿದಿರುಮೆಳೆಯ ಕಡೆಗೇ ಓಟ. ಬಿಲ್ಲನ ಅಂಗಾಲು ಒಡೆಯಿತು. ಪಕ್ಕೆಯ ಮೂಳೆ ಎದ್ದುಬಂದವು. ಹಳ್ಳದ ಏಡಿಗಳೂ ಅವನ ಹೆಜ್ಜೆ ಕೇಳಿದರೆ ಕಲ್ಲಿನಡಿಗೆ ಸೇರತೊಡಗಿದವು. ಇನ್ನು ಕೆಲವು ದಿನ ಹೀಗೇ ಹೋದರೆ ಮರ ಹತ್ತುವ ಶಕ್ತಿಯೂ ಉಳಿಯುವುದಿಲ್ಲ, ಮರ ಹತ್ತಲಾರದ ಚಿರತೆ ಬದುಕುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ನರಿ ಸಮಾಧಾನ ಹೇಳುತ್ತಿತ್ತು. “ನಾನೂ ಉಪವಾಸವೇ ಅಳಿಯಾ. ನಿನ್ನ ಕಷ್ಟ ನೋಡಿ ನನಗೆ ಒಂದು ತುತ್ತೂ ಗಂಟಲಲ್ಲಿ ಇಳೀತಿಲ್ಲ.”

ಒಂದು ಬೆಳಗ್ಗೆ ಬಿಲ್ಲನಿಗೆ ಕೊಂಬೆಯಿಂದ ಏಳಲಾಗಲಿಲ್ಲ. ಅವನು ಹಾಗೇ ಬಿದ್ದುಕೊಂಡ. ತಾಳ್ಮೆ ಬಂದು ಮಲಗಿದ್ದಲ್ಲ, ಸುಸ್ತಾಗಿ ಮಲಗಿದ್ದು.

ನರಿ ಬಂದು ಕೆಳಗೆ ನಿಂತಿತು. “ಏಳು ಅಳಿಯಾ, ಹೊತ್ತಾಯ್ತು.”

ಆಗ ಕೆಳಗಿನಿಂದ ಸಣ್ಣಗೆ ಗಾಳಿ ಎದ್ದು ಕೊಂಬೆಗೆ ಬಂತು. ಬಿಲ್ಲನ ಮೂಗು ಅರಳಿತು. ಜಿಂಕೆ ಮಾಂಸದ ವಾಸನೆ! ಅವನು ಕಣ್ಣು ಬಿಟ್ಟು ಸುತ್ತ ನೋಡಿದ. ಜಿಂಕೆ ಎಲ್ಲೂ ಇರಲಿಲ್ಲ. ವಾಸನೆ ಬರುತ್ತಿದ್ದುದು ನರಿಯ ಮೂತಿಯಿಂದ. ಅದರ ಮೀಸೆಯ ಮೇಲೆ ನೊಣ ಕೂತಿತ್ತು. ಉಪವಾಸವಿದ್ದ ಮಾವನ ಹೊಟ್ಟೆ ಕುಂಬಳಕಾಯಿಯ ಹಾಗೆ ಉಬ್ಬಿತ್ತು.

ಅಷ್ಟರಲ್ಲಿ ಬಿದಿರುಮೆಳೆಯ ಕಡೆಯಿಂದ ಸಿಳ್ಳೆ ಕೇಳಿಸಿತು. ಅದು ಸೀಳುನಾಯಿಗಳು ಒಂದನ್ನೊಂದು ಕರೆಯುವ ಸಿಳ್ಳೆ. ನರಿಯ ಕಿವಿ ಅತ್ತ ತಿರುಗಿತು.

“ಈಗ ಬಂದೆ ಇರು,” ಎಂದು ಅದು ಬಿದಿರಿನತ್ತ ಓಡಿತು.

ಬಿಲ್ಲನಿಗೆ ಎಲ್ಲವೂ ತಿಳಿಯಿತು. ಬಿದಿರುಮೆಳೆಯ ಇಕ್ಕಟ್ಟು ದಾರಿಯಲ್ಲಿ ಸೀಳುನಾಯಿಗಳು ಹೊಂಚು ಹಾಕಿದ್ದವು. ಜಿಂಕೆಗಳನ್ನು ಓಡಿಸುವವನು ತಾನು, ಹಿಡಿಯುವವು ಅವು, ಕೂತು ಪಾಲು ತಿನ್ನುವುದು ನರಿ. ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡಿಕೊಳ್ಳಲೂ ಅವನಲ್ಲಿ ತ್ರಾಣವಿರಲಿಲ್ಲ.

“ತಾತ, ನಿನಗಿದು ಗೊತ್ತಿತ್ತಾ?” ಎಂದು ಪೊಟರೆಗೆ ಕೇಳಿದ.

“ಗೊತ್ತಿತ್ತು.”

“ಹೇಳಲಿಲ್ಲವಲ್ಲ!”

“ಮರದ ಮೇಲಿರೋನಿಗೆ ಹೇಳಬಹುದಿತ್ತು. ನೀನು ಇಲ್ಲಿ ಇದ್ದದ್ದು ಯಾವಾಗ?”

ಬಿಲ್ಲ ಮುಂಗಾಲಿನ ಮೇಲೆ ಗದ್ದ ಇಟ್ಟು ಕೆಳಗಿನ ನೆಲವನ್ನೇ ನೋಡುತ್ತ ಮಲಗಿದ.

ಅಂದಿನಿಂದ ಅವನು ಹಳ್ಳಕ್ಕೆ ನೀರಿಗೆ, ಸಿಕ್ಕರೆ ಒಂದೆರಡು ಏಡಿಗೆ ಮಾತ್ರ ಇಳಿಯುತ್ತಿದ್ದ. ಕಾಯುವುದು ಸುಲಭವಾಗಲಿಲ್ಲ. ಕೊಂಬೆ ಪಕ್ಕೆಗೆ ಒತ್ತುತ್ತಿತ್ತು. ಇರುವೆ ಕಚ್ಚಿದರೂ ಕೊಡವಿಕೊಳ್ಳುವಂತಿರಲಿಲ್ಲ. ಒಂದು ದಿನ ದೂರದಲ್ಲಿ ಒಂದು ಹೆಣ್ಣುಜಿಂಕೆ ಹಾದುಹೋಯಿತು. ಇನ್ನೊಂದು ದಿನ ಏನೂ ಹಾದುಹೋಗಲಿಲ್ಲ. ಅಷ್ಟರಲ್ಲಿ ತಾರೆಕಾಯಿಯ ಬಣ್ಣ ತಿರುಗಿತು. ಮೊದಲ ಹಣ್ಣು ಅವನ ತಲೆಯ ಮೇಲೇ ಬಿತ್ತು. ಆಮೇಲೆ ಒಂದೊಂದಾಗಿ ಟಪ್ ಟಪ್ ಎಂದು ನೆಲಕ್ಕೆ ಬೀಳತೊಡಗಿದವು.

ಬಿದಿರುಮೆಳೆಯಲ್ಲಿ ಬೇರೆ ಕಥೆ ನಡೆದಿತ್ತು. ಓಡಿಸುವವನಿಲ್ಲದೆ ಅಲ್ಲಿಗೆ ಜಿಂಕೆ ಬರುವುದು ನಿಂತಿತ್ತು. ನರಿ ಒಂದು ಸಂಜೆ ಏದುಸಿರು ಬಿಡುತ್ತ ಮರದ ಕೆಳಗೆ ಬಂತು. ಹೊಟ್ಟೆ ಬೆನ್ನಿಗಂಟಿತ್ತು.

“ಅಳಿಯಾ, ಇಳಿದು ಬಾ. ಇವತ್ತೊಂದು ದಿನ ಬಂದುಬಿಡು.”

“ಕಾಲು ನೋಯ್ತಿದೆ ಮಾವ.”

“ನನ್ನ ಪ್ರಾಣದ ಪ್ರಶ್ನೆ ಕಣೋ! ಸೀಳುನಾಯಿಗಳಿಗೆ ಮಾತು ಕೊಟ್ಟಿದ್ದೀನಿ. ನಾಳೆ ಬೆಳಗ್ಗೆ ಜಿಂಕೆ ಬರದಿದ್ದರೆ ನನ್ನನ್ನೇ ಸೀಳ್ತವಂತೆ. ಅವುಗಳ ಮರಿ ಅಳ್ತಿವೆಯಂತೆ.”

“ಹಾಗಾದರೆ ನೀನೂ ಉಪವಾಸ?”

“ಈ ಸಲ ನಿಜವಾಗ್ಲೂ ಉಪವಾಸ!” ಎಂದುಬಿಟ್ಟಿತು ನರಿ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡಿತು.

ಬಿಲ್ಲ ಕಣ್ಣು ಮುಚ್ಚಿಕೊಂಡ.

ಮರುದಿನ ಮುಂಜಾನೆ ಮಂಜು ಇನ್ನೂ ಕರಗಿರಲಿಲ್ಲ. ಮೊದಲು ಒಂದು ಹೆಣ್ಣುಜಿಂಕೆ ಪೊದೆಯಿಂದ ಮೂತಿ ಹೊರಗಿಟ್ಟಿತು. ಅದರ ಹಿಂದೆ ಇನ್ನೆರಡು. ಕೊನೆಗೆ ಕವಲುಕೊಂಬಿನ ಒಂದು ಗಂಡುಜಿಂಕೆ. ಅವು ದೂರದಲ್ಲಿ ಉರುಳಿದ್ದ ಹಣ್ಣುಗಳನ್ನು ತಿನ್ನುತ್ತ, ನಿಂತು ಕಿವಿಗೊಡುತ್ತ, ನಿಧಾನವಾಗಿ ಮರದತ್ತ ಬಂದವು. ಗಾಳಿ ಅವುಗಳ ಕಡೆಯಿಂದ ಬಿಲ್ಲನ ಮುಖಕ್ಕೆ ಬೀಸುತ್ತಿತ್ತು. ಅವನ ಗುಂಡಿಗೆ ಕೊಂಬೆಗೆ ಬಡಿಯುತ್ತಿತ್ತು.

ಗಂಡುಜಿಂಕೆ ಮರದ ನೆರಳಿನ ಅಂಚಿಗೆ ಬಂದು ನಿಂತಿತು. ಹಾರಿದರೆ ಬಹುಶಃ ಸಿಗಬಹುದು. ಬಹುಶಃ. ಹಸಿವು ‘ಹಾರು’ ಎಂದಿತು. ಬಿಲ್ಲನ ಹಿಂಗಾಲು ತಾವಾಗಿಯೇ ಮಡಚಿಕೊಂಡವು. ಅವನು ಉಗುರುಗಳನ್ನು ತೊಗಟೆಗೆ ಊರಿ ತನ್ನನ್ನು ತಾನೇ ಹಿಡಿದುಕೊಂಡ.

ಅತ್ತ ಬಿದಿರುಮೆಳೆಯ ಅಂಚಿನಲ್ಲಿ ನರಿಯೂ ಇದನ್ನೆಲ್ಲ ನೋಡುತ್ತಿತ್ತು. ಅದರ ಹಿಂದೆಯೇ ಸೀಳುನಾಯಿಗಳು ಗುರುಗುಟ್ಟುತ್ತಿದ್ದವು. ಜಿಂಕೆಗಳನ್ನು ಬಿದಿರಿನತ್ತ ಅಟ್ಟಬೇಕಾದರೆ ಸುತ್ತುಹಾಕಿ ಅವುಗಳ ಆಚೆ ಬದಿಗೆ ಹೋಗಬೇಕಿತ್ತು. ಅಷ್ಟು ಹೊತ್ತು ತಾಳುವ ಸ್ಥಿತಿಯಲ್ಲಿ ನರಿ ಇರಲಿಲ್ಲ. ಅದು ಮೆಳೆಯಿಂದ ನೆಟ್ಟಗೆ ಜಿಂಕೆಗಳ ಮೇಲೆಯೇ ಊಳಿಡುತ್ತ ನುಗ್ಗಿತು.

ಜಿಂಕೆಗಳು ಬೆದರಿ ಬಿದಿರಿಗೆ ಬೆನ್ನು ಹಾಕಿ ಹಾರಿದವು. ಗಂಡುಜಿಂಕೆ ಒಂದೇ ನೆಗೆತಕ್ಕೆ ತಾರೆಮರದ ಬುಡಕ್ಕೆ, ಅಡ್ಡಕೊಂಬೆಯ ಸರಿಯಾಗಿ ಕೆಳಕ್ಕೆ ಬಂತು.

ಬಿಲ್ಲ ಬಿದ್ದ. ಕಲ್ಲು ಬಿದ್ದಂತೆ ಅದರ ಬೆನ್ನ ಮೇಲೆ ಬಿದ್ದ. ಸದ್ದು ಒಂದೇ ಸಲ ಆಯಿತು, ನಿಂತಿತು.

“ಬಂದ ಜಿಂಕೆಯನ್ನ ಓಡಿಸಿದೆಯಲ್ಲೋ ದಲ್ಲಾಳಿ!” ಎಂದು ಸೀಳುನಾಯಿಗಳು ಮೆಳೆಯಿಂದ ಹೊರಬಿದ್ದವು. ನರಿಯ ಒಂದು ಕಿವಿ, ಅರ್ಧ ಬಾಲ ಅಲ್ಲೇ ಉಳಿದವು. ಉಳಿದದ್ದನ್ನು ಹೊತ್ತುಕೊಂಡು ಅದು ಹೊಳೆಗೆ ಹಾರಿತು; ಸೀಳುನಾಯಿಗಳು ದಂಡೆಗುಂಟ ಅದನ್ನು ಬೆನ್ನಟ್ಟಿ ಹೋದವು. ಆಮೇಲೆ ಆ ಕಾಡಿನಲ್ಲಿ ಅದನ್ನು ಯಾರೂ ನೋಡಲಿಲ್ಲ.

ಜಿಂಕೆಯನ್ನು ಕೊಂಬೆಗೆ ಎಳೆಯಲು ಬಿಲ್ಲನಿಗೆ ಬಹಳ ಹೊತ್ತು ಹಿಡಿಯಿತು. ಎರಡು ಸಲ ಕೈ ಜಾರಿತು. ಎಳೆದು ಮುಗಿದಾಗ ಗರ್ಜಿಸಬೇಕೆನಿಸಿತು. ಗಂಟಲಿನಿಂದ ಬರೀ ಉಸಿರು ಬಂತು. ತಿನ್ನುವ ಮೊದಲು ಸ್ವಲ್ಪ ಹೊತ್ತು ಅದರ ಪಕ್ಕದಲ್ಲೇ ತಲೆಯಿಟ್ಟು ಮಲಗಿದ. ಆಮೇಲೆ ಎದ್ದು ತಿಂದ.

ಆ ಮಾಂಸ ಕೆಲವು ದಿನಕ್ಕೆ ಬಂತು. ಮುಗಿದ ಮರುದಿನ ಜಿಂಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಿಲ್ಲ ಕೊಂಬೆಯ ಮೇಲೇ ಇದ್ದ.

ನೀತಿ: ಹೊಸದಾಗಿ ಕಲಿಯುವವನು ಎಲ್ಲಕ್ಕಿಂತ ಮೊದಲು ಕಾಯುವುದನ್ನು ಕಲಿಯಬೇಕು; ಅವಸರ ಮಾಡಿಸುವ ಹಿತೈಷಿ ಸಿಕ್ಕರೆ ಅವನ ಹೊಟ್ಟೆಯನ್ನು ಒಮ್ಮೆ ನೋಡಬೇಕು.